ವಿದ್ಯಾರ್ಥಿಯ ದಾರಿಖರ್ಚು



ಬೇ ಏರಿಯಾಕ್ಕೆ ಸ್ನಾತಕೋತ್ತರ ವ್ಯಾಸಂಗಕ್ಕೆಂದು ಬರುವ ಕನ್ನಡದ ಹುಡುಗ ಹುಡುಗಿಯರು ಊರಿನಿಂದಲೇ ಬರೆದು ತರುವ ಖರ್ಚಿನ ಪಟ್ಟಿಯಲ್ಲಿ ಶುಲ್ಕ, ಬಾಡಿಗೆ, ಊಟ, ಆರೋಗ್ಯವಿಮೆ ಎಲ್ಲವೂ ಇರುತ್ತವೆ. ದಾರಿಖರ್ಚಿನ ಎದುರಿಗೆ ಮಾತ್ರ ಒಂದು ಊಹೆಯ ಅಂಕಿ. ಇದಕ್ಕೆ ಕಾರಣವಿದೆ. ಕರ್ನಾಟಕದಲ್ಲಿ ಓದಿದವರಿಗೆ ಪ್ರಯಾಣವೆಂದರೆ ವರ್ಷದ ಆರಂಭದಲ್ಲಿ ಸಾಲಿನಲ್ಲಿ ನಿಂತು ಪಡೆಯುತ್ತಿದ್ದ ರಿಯಾಯಿತಿ ಬಸ್ ಪಾಸು. ಹಳ್ಳಿಯ ಎಷ್ಟೋ ಮಕ್ಕಳು ತಾಲ್ಲೂಕು ಕೇಂದ್ರದ ಕಾಲೇಜಿನ ಮೆಟ್ಟಿಲು ಹತ್ತಿದ್ದು ಆ ಪಾಸಿನ ಬಲದಿಂದ. ವಿದ್ಯಾರ್ಥಿಯೆಂದರೆ ಪಾಸು ಇದ್ದೇ ಇರುತ್ತದೆ ಎಂಬ ನಂಬಿಕೆ ಅಲ್ಲಿಂದ ಬಂದದ್ದು.

ಇಲ್ಲಿನ ವ್ಯವಸ್ಥೆಯೇ ಬೇರೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಬಸ್ಸು, ರೈಲು, ದೋಣಿಗಳನ್ನು ನಡೆಸುವ ಸಾರ್ವಜನಿಕ ಸಂಸ್ಥೆಗಳು ಸುಮಾರು 27. ಬಾರ್ಟ್ ರೈಲು 1972ರಲ್ಲಿ ಓಡತೊಡಗಿತು. ಅದು ಸ್ಯಾನ್ ಹೋಸೆಯ ಬೆರಿಯೆಸ್ಸಾ ನಿಲ್ದಾಣವನ್ನು ಮುಟ್ಟಿದ್ದು 2020ರ ಜೂನ್‌ನಲ್ಲಿ. ಅದೇ ನಗರದ ನಡುವಿನಲ್ಲಿರುವ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಲು ಅಲ್ಲಿಂದ ಮತ್ತೆ ಬಸ್ಸು ಹಿಡಿಯಬೇಕು. ಕ್ಲಿಪ್ಪರ್ ಕಾರ್ಡು ಇವುಗಳಲ್ಲಿ ಹೆಚ್ಚಿನ ಸಂಸ್ಥೆಗಳ ಟಿಕೆಟ್ಟನ್ನು ಒಂದೇ ಚೀಲಕ್ಕೆ ಹಾಕಿತು ನಿಜ, ಆದರೆ ಬಹುಕಾಲ ಚೀಲವಷ್ಟೇ ಒಂದಾಗಿತ್ತು, ದರ ಒಂದಾಗಿರಲಿಲ್ಲ. ಯುವಜನರ ರಿಯಾಯಿತಿಯೂ 18ನೇ ವಯಸ್ಸಿಗೆ ಮುಗಿಯುತ್ತದೆ. 22ರ ಹರೆಯದ ಎಂ.ಎಸ್. ವಿದ್ಯಾರ್ಥಿನಿ ಟಿಕೆಟ್ ಯಂತ್ರದ ಕಣ್ಣಿಗೆ ಸಂಬಳ ತರುವ ವಯಸ್ಕಳೇ. ಆದರೆ ಎಫ್-1 ವೀಸಾ ಅವಳಿಗೆ ತರಗತಿಗಳು ನಡೆಯುವ ತಿಂಗಳುಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಳಿಗಿಂತ ಹೆಚ್ಚು ದುಡಿಯಲು ಬಿಡುವುದಿಲ್ಲ.

ಆದ್ದರಿಂದ ಮನೆ ಹುಡುಕುವ ಮೊದಲೇ ದಾರಿಯ ಲೆಕ್ಕವಾಗಬೇಕು. ದೂರದಲ್ಲಿ ಬಾಡಿಗೆ ಅಗ್ಗವೆಂದು ಒಪ್ಪಿಕೊಂಡವರು ರೈಲಿಗೂ, ತಡರಾತ್ರಿ ಪ್ರಯೋಗಾಲಯದಿಂದ ಮರಳುವ ಉಬರ್‌ಗೂ ತಿಂಗಳಿಡೀ ಕೊಟ್ಟದ್ದನ್ನು ಕೂಡಿಸಿದರೆ ಆ ಅಗ್ಗ ಎಲ್ಲಿಯೋ ಕರಗಿಹೋಗಿರುತ್ತದೆ. ಬಾಡಿಗೆ, ದಾರಿಖರ್ಚು ಎರಡನ್ನೂ ಒಂದೇ ಮೊತ್ತವಾಗಿ ನೋಡಬೇಕು. ಬಸ್ಸು ರಾತ್ರಿ ಎಷ್ಟು ಹೊತ್ತಿನವರೆಗೆ ಇದೆ ಎಂಬುದನ್ನೂ ವಿಚಾರಿಸಬೇಕು.

ಪಾಸು ಇಲ್ಲವೇ ಇಲ್ಲವೆಂದಲ್ಲ. ಬರ್ಕ್ಲಿಯ ವಿದ್ಯಾರ್ಥಿಗಳು 1999ರಲ್ಲಿ ಮತ ಹಾಕಿ, ಪ್ರತಿಯೊಬ್ಬರೂ ಶುಲ್ಕದೊಂದಿಗೆ ಒಂದಿಷ್ಟು ಸೇರಿಸಿ ಕಟ್ಟುವುದೆಂದು ತೀರ್ಮಾನಿಸಿ, ಎಸಿ ಟ್ರಾನ್ಸಿಟ್ ಬಸ್ಸುಗಳಲ್ಲಿ ಲೆಕ್ಕವಿಲ್ಲದೆ ಓಡಾಡುವ ಪಾಸು ಪಡೆದರು. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್‌ನವರೂ ಹೀಗೆಯೇ ಮತ ಹಾಕಿ ಪಡೆದುಕೊಂಡರು. ಸ್ಯಾನ್ ಹೋಸೆಯಲ್ಲಿ ವಿದ್ಯಾರ್ಥಿ ಸಂಘದ ಮೂಲಕ ವಿಟಿಎ ಬಸ್ಸಿನ ಪಾಸು ಸಿಗುತ್ತದೆ. ಸ್ಟ್ಯಾನ್‌ಫರ್ಡಿನ ಮಾರ್ಗರೀಟ್ ಬಸ್ಸು ಎಲ್ಲರಿಗೂ ಉಚಿತ. (ಮಾರ್ಗರೀಟ್ ಎಂಬುದು ಹಿಂದೆ ಅಲ್ಲಿ ಗಾಡಿ ಎಳೆಯುತ್ತಿದ್ದ ಕುದುರೆಯ ಹೆಸರು. ಪ್ರಾಣಿಗೆ ಸಂದ ಈ ಗೌರವ ಎಷ್ಟೋ ಕಾರ್ಮಿಕರಿಗೆ ಸಂದಿಲ್ಲ.) ಹಣ ಶುಲ್ಕದಲ್ಲಿ ಆಗಲೇ ಕಡಿತವಾಗಿರುತ್ತದೆ, ಪಾಸು ಸಕ್ರಿಯಗೊಳಿಸುವುದು ಮಾತ್ರ ಬಾಕಿ. ಅದನ್ನು ತಿಳಿಯದೆ ಮೊದಲ ಸೆಮಿಸ್ಟರ್ ಪೂರ್ತಿ ಟಿಕೆಟ್ಟಿಗೆ ದುಡ್ಡು ಸುರಿಯುವವರೂ ಇದ್ದಾರೆ.

2022ರ ಆಗಸ್ಟ್‌ನಲ್ಲಿ ಆರಂಭವಾದ ಬೇಪಾಸ್ ಪ್ರಯೋಗ ಇನ್ನೂ ಮುಂದೆ ಹೋಯಿತು: ಒಂದೇ ಪಾಸಿನಲ್ಲಿ ಕೊಲ್ಲಿಯ ಸುತ್ತಲಿನ ಬಸ್ಸು, ರೈಲು, ದೋಣಿ. ಸ್ಯಾಂಟಾ ರೋಸಾ ಜೂನಿಯರ್ ಕಾಲೇಜಿನ ಎಲ್ಲರಿಗೂ ಅದು ಸಿಕ್ಕಿತು; ಉಳಿದ ಮೂರು ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಚೀಟಿ ಎತ್ತಿದಂತೆ ಆಯ್ದ ಕೆಲವರಿಗೆ ಮಾತ್ರ. ಪಾಸು ಕೈಗೆ ಬಂದವರು ಹೆಚ್ಚು ಓಡಾಡಿದರು. ದರ ಅಡ್ಡ ನಿಂತದ್ದರಿಂದಲೇ ಎಷ್ಟೋ ಪ್ರಯಾಣಗಳು ನಡೆಯದೆ ಉಳಿದಿದ್ದವು ಎಂದಾಯಿತು. ಇದಲ್ಲದೆ, 19ರಿಂದ 64ರ ವಯಸ್ಸಿನ ಕಡಿಮೆ ಆದಾಯದವರಿಗೆ 2020ರಿಂದ ಕ್ಲಿಪ್ಪರ್ ಸ್ಟಾರ್ಟ್ ಎಂಬ ರಿಯಾಯಿತಿಯಿದೆ. ಅರ್ಹತೆ ಇದ್ದೂ ಅರ್ಜಿ ಹಾಕಲು ನಾಚುವುದಕ್ಕೆ ಕಾರಣ ಕಾಣುವುದಿಲ್ಲ.

ಈ ನಾಚಿಕೆಯ ಬೇರನ್ನು ಸ್ವಲ್ಪ ಕೆದಕಬೇಕು. 2023ರ ಜೂನ್ 11ರಂದು ಕರ್ನಾಟಕದಲ್ಲಿ ಮಹಿಳೆಯರ ಉಚಿತ ಬಸ್ ಪ್ರಯಾಣಕ್ಕೆ ಶಕ್ತಿ ಯೋಜನೆ ಬಂದಾಗ, ‘ಬಿಟ್ಟಿ ಭಾಗ್ಯ’ವೆಂಬ ಮೂದಲಿಕೆ ಈ ಕೊಲ್ಲಿಯ ಕನ್ನಡದ ಕೂಟಗಳಲ್ಲಿಯೂ ಕೇಳಿತು. ಮೂದಲಿಸಿದವರಲ್ಲಿ ಕೆಲವರು ಮರುದಿನ ಬೆಳಿಗ್ಗೆ ಕಚೇರಿಗೆ ಹೋದದ್ದು ಕಂಪನಿಯ ಹವಾನಿಯಂತ್ರಿತ ಉಚಿತ ಬಸ್ಸಿನಲ್ಲಿ. ಆ ಬಸ್ಸುಗಳು ನಗರದ ಸಾರ್ವಜನಿಕ ನಿಲ್ದಾಣಗಳಲ್ಲಿ ನಿಲ್ಲುತ್ತಿದ್ದುದನ್ನು ವಿರೋಧಿಸಿ 2013ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ನಿವಾಸಿಗಳು ಬಸ್ಸು ತಡೆದರು. ಬಾಡಿಗೆ ಏರಿ ಮನೆ ಕಳೆದುಕೊಳ್ಳುತ್ತಿದ್ದವರ ಸಿಟ್ಟು ಅದು. ಮರುವರ್ಷ ನಗರಾಡಳಿತ ಒಂದು ನಿಲುಗಡೆಗೆ ಒಂದು ಡಾಲರ್ ಎಂದು ಕಂಪನಿಗಳಿಗೆ ಶುಲ್ಕ ವಿಧಿಸಿತು. ಆಗ ನಗರದ ಬಸ್ಸಿನಲ್ಲಿ ಒಬ್ಬ ಪ್ರಯಾಣಿಕನ ಟಿಕೆಟ್ಟೇ ಎರಡು ಡಾಲರ್. ಲಕ್ಷಗಟ್ಟಲೆ ಡಾಲರ್ ಸಂಬಳದವನ ಉಚಿತ ಪ್ರಯಾಣ ‘ಸೌಲಭ್ಯ’, ಸಿಂಧನೂರಿನ ಕೂಲಿಕಾರಳದು ‘ಬಿಟ್ಟಿ’ ಎನ್ನುವ ಲೆಕ್ಕ ಯಾವ ಗಣಿತದಲ್ಲಿಯೂ ಕೂಡುವುದಿಲ್ಲ.

ವಿದ್ಯಾರ್ಥಿಯ ಪ್ರಯಾಣದ ಹೊರೆಯನ್ನು ಸಮುದಾಯವೇ ಹೊತ್ತ ಉದಾಹರಣೆ ಇದೇ ನೆಲದಲ್ಲಿದೆ. ಸ್ಟಾಕ್ಟನ್ ಸೀಮೆಯಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದ ಜ್ವಾಲಾ ಸಿಂಗ್, 1912ರ ಸುಮಾರಿಗೆ ಗುರು ಗೋಬಿಂದ್ ಸಿಂಗ್ ಹೆಸರಿನ ವಿದ್ಯಾರ್ಥಿವೇತನವನ್ನು ಸ್ಥಾಪಿಸಿ ಭಾರತದ ವಿದ್ಯಾರ್ಥಿಗಳನ್ನು ಬರ್ಕ್ಲಿಗೆ ಕರೆಸಿದರು. ಸಿಖ್ಖರಿಗೆ ಮಾತ್ರ ಎಂಬ ಕಟ್ಟುಪಾಡು ಇರಲಿಲ್ಲ. ಸ್ವತಃ ಹೆಚ್ಚು ಓದಿರದ ರೈತನ ಹಣ ಅದು. ಮುಂದೆ ಗದರ್ ಚಳವಳಿಯಲ್ಲಿ ರೈತರೂ ವಿದ್ಯಾರ್ಥಿಗಳೂ ಜೊತೆಯಾದದ್ದು ಆಕಸ್ಮಿಕವಲ್ಲ. ಇಂದಿನ ಕನ್ನಡ ಸಂಘಟನೆಗಳು ಒಂದು ಭರ್ಜರಿ ಭೋಜನದ ಖರ್ಚಿನಲ್ಲಿ ಎಷ್ಟು ಹೊಸ ವಿದ್ಯಾರ್ಥಿಗಳ ಕ್ಲಿಪ್ಪರ್ ಕಾರ್ಡು ತುಂಬಿಸಬಹುದೆಂದು ಒಮ್ಮೆ ಗುಣಿಸಿ ನೋಡಲಿ.

ಇನ್ನು ರಜೆಯ ತಿರುಗಾಟ. ಕಾರು ಬಾಡಿಗೆಗೆ ಹಿಡಿದು ಲಾಸ್ ವೇಗಾಸ್‌ಗೆ ಓಡುವುದೇ ಪ್ರವಾಸವೆಂಬ ರೂಢಿ ಬೆಳೆದಿದೆ. ಯೊಸೆಮಿಟಿಗೆ ಆಮ್‌ಟ್ರಾಕ್ ರೈಲಿನಲ್ಲಿ ಮರ್ಸೆಡ್ ತಲುಪಿ, ಅಲ್ಲಿಂದ ಯಾರ್ಟ್ಸ್ ಬಸ್ಸು ಹಿಡಿಯಬಹುದು. ಉದ್ಯಾನದ ಪ್ರವೇಶಶುಲ್ಕವೂ ಆ ಬಸ್ಸಿನ ಟಿಕೆಟ್ಟಿನಲ್ಲಿಯೇ ಸೇರಿದೆ. ಅದಕ್ಕೂ ಮೊದಲು ಏಂಜಲ್ ದ್ವೀಪ ನೋಡಬೇಕು. 1910ರಿಂದ 1940ರವರೆಗೆ ಪೆಸಿಫಿಕ್ ದಾಟಿ ಬಂದವರನ್ನು ಕೂಡಿಹಾಕಿ ವಿಚಾರಿಸುತ್ತಿದ್ದ ಠಾಣೆ ಅಲ್ಲಿದೆ. ಭಾರತದಿಂದ ಬಂದ ಅನೇಕರನ್ನು ಅಲ್ಲಿಂದಲೇ ಹಿಂದಕ್ಕೆ ಅಟ್ಟಲಾಯಿತು. ಚೀನೀ ಬಂಧಿಗಳು ಕೊರೆದ ಕವಿತೆಗಳು ಮರದ ಗೋಡೆಗಳ ಮೇಲೆ ಇನ್ನೂ ಇವೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೋಗುವ ದೋಣಿಗೆ ಕ್ಲಿಪ್ಪರ್ ಕಾರ್ಡು ನಡೆಯುತ್ತದೆ. ಬುತ್ತಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಮರಳುವ ಕೊನೆಯ ದೋಣಿಯ ಹೊತ್ತನ್ನು ಹೊರಡುವಾಗಲೇ ನೋಡಿಕೊಂಡಿರಬೇಕು.