ಮೇಕೆಯ ಬಣ್ಣ ಮತ್ತು ಮೈಗುರುತು: ದಾಖಲೆಯಲ್ಲಿ ಬರೆಯಬೇಕಾದ ಕ್ರಮ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಐದು ಮೇಕೆಗಳನ್ನು ಸಾಕಿಕೊಂಡಿರುವ ಭೂರಹಿತ ಕುಟುಂಬವೊಂದನ್ನು ಊಹಿಸಿಕೊಳ್ಳಬಹುದು. ಐದಕ್ಕೂ ವಿಮೆಯಾಗಿದೆ, ಐದಕ್ಕೂ ಕಿವಿಯೋಲೆ ಹಾಕಲಾಗಿದೆ. ಮೇಯಲು ಹೋದಾಗ ಜಾಲಿಯ ಪೊದೆಗೆ ಸಿಕ್ಕು ಒಂದು ಮೇಕೆಯ ಕಿವಿ ಹರಿದು ಓಲೆ ಬಿದ್ದುಹೋಗುತ್ತದೆ. ವಾರ ಕಳೆಯುವಷ್ಟರಲ್ಲಿ ಅದೇ ಮೇಕೆ ಸಾಯುತ್ತದೆ. ದಾಖಲೆಯನ್ನು ತೆರೆದು ನೋಡಿದರೆ ಐದೂ ಮೇಕೆಗಳ ಮುಂದೆ ಒಂದೇ ಪದ: ‘ಕಪ್ಪು’. ಸತ್ತದ್ದು ವಿಮೆಯಾದ ಮೇಕೆಯೇ, ಬೇರೆಯದೇ ಎಂಬ ಪ್ರಶ್ನೆಗೆ ಮನೆಯಾಕೆಯ ಬಾಯಿಮಾತಿನ ಹೊರತು ಉತ್ತರವಿಲ್ಲ. ಆಕೆಯ ಮಾತು ಸತ್ಯವೇ ಆಗಿದ್ದರೂ ಕಾಗದವು ಆಕೆಯ ಪರವಾಗಿ ಸಾಕ್ಷಿ ನುಡಿಯುವುದಿಲ್ಲ.

ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯ ವಿಮೆಯಲ್ಲಿ ರೈತರ ಪಾಲಿನ ಕಂತನ್ನು 2024ರಲ್ಲಿ ಶೇ. 15ಕ್ಕೆ ಇಳಿಸಲಾಗಿದೆ. ರಾಜ್ಯದಲ್ಲಿ ಸತ್ತ ಕುರಿ, ಮೇಕೆಗಳಿಗೆ ಅನುಗ್ರಹ ಯೋಜನೆಯ ಪರಿಹಾರವೂ ಇದೆ. ಯೋಜನೆ ಯಾವುದೇ ಇರಲಿ, ಫಲಾನುಭವಿಗೆ ಅದು ದಕ್ಕುವುದು ಪ್ರಾಣಿಯ ಗುರುತು ಸ್ಪಷ್ಟವಾಗಿದ್ದಾಗ ಮಾತ್ರ. ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯೇ ಮೊದಲ ಗುರುತು, ಅದಕ್ಕೆ ಪರ್ಯಾಯವಿಲ್ಲ. ಆದರೆ ಓಲೆ ಕಳಚಬಲ್ಲದು, ಮೈಬಣ್ಣ ಹಾಗೆ ಕಳಚಿ ಬೀಳುವುದಿಲ್ಲ. ಓಲೆ ಬಿದ್ದ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ ಹೊಸದನ್ನು ಹಾಕಿಸುವಾಗ, ಇದು ಅದೇ ಮೇಕೆ ಎಂಬುದನ್ನು ತೋರಿಸಿಕೊಡುವುದು ಸರಿಯಾಗಿ ಬರೆದ ಮೈಗುರುತು.

ಬಣ್ಣ ಬೇರೆ, ವಿನ್ಯಾಸ ಬೇರೆ

ಈ ಬಗೆಯ ಬರವಣಿಗೆಯನ್ನು ಅಚ್ಚುಕಟ್ಟಾಗಿ ರೂಢಿಸಿಕೊಂಡವರಲ್ಲಿ ಅಮೆರಿಕದ ಗಿಡ್ಡ ಹಾಲುಮೇಕೆ ಸಾಕಣೆದಾರರು ಮುಖ್ಯರು. ಪಶ್ಚಿಮ ಆಫ್ರಿಕದ ಮೂಲದಿಂದ ಅಲ್ಲಿ ಬೆಳೆದುಬಂದ ನೈಜೀರಿಯನ್ ಡ್ವಾರ್ಫ್ ತಳಿಯ ಹೆಣ್ಣುಮೇಕೆಯ ಎತ್ತರ 57 ಸೆಂಟಿಮೀಟರ್ ಮೀರಬಾರದೆಂಬ ನಿಯಮವಿದೆ. ಆದರೆ ಬಣ್ಣಕ್ಕೆ ಯಾವ ನಿರ್ಬಂಧವೂ ಇಲ್ಲ. ಒಂದೇ ಕೊಟ್ಟಿಗೆಯಲ್ಲಿ ಕಪ್ಪು, ಕಂದು, ಹಾಲುಕೆನೆ, ಹಂಡ ಎಲ್ಲವೂ ಹುಟ್ಟುತ್ತವೆ. ಆದುದರಿಂದ ಅಲ್ಲಿನ ನೋಂದಣಿ ಪತ್ರದಲ್ಲಿ ಕಿವಿಯ ಹಚ್ಚೆಯ ಅಕ್ಷರಗಳ ಜೊತೆಗೆ ಬಣ್ಣ ಮತ್ತು ಗುರುತುಗಳ ವಿವರಣೆಯನ್ನೂ ಬರೆಯಲಾಗುತ್ತದೆ.

ಆ ಪದ್ಧತಿಯ ತಿರುಳು ಸರಳವಾದುದು. ಮೇಕೆಯ ಕೂದಲಿಗೆ ಬಣ್ಣ ಕೊಡುವ ವರ್ಣದ್ರವ್ಯಗಳು ಎರಡೇ. ಒಂದು ಕಪ್ಪು ಅಥವಾ ಗಾಢ ಕಂದನ್ನು ಕೊಡುತ್ತದೆ. ಇನ್ನೊಂದು ಕೆಂಪಿನಿಂದ ಹಿಡಿದು ಹಾಲುಕೆನೆಯವರೆಗಿನ ಛಾಯೆಗಳನ್ನು ಕೊಡುತ್ತದೆ. ಬಿಳಿಯ ಮಚ್ಚೆಯೆಂದರೆ ಆ ಭಾಗದಲ್ಲಿ ವರ್ಣದ್ರವ್ಯವೇ ಇಲ್ಲವೆಂದು ಅರ್ಥ. ಈ ಎರಡು ಬಣ್ಣಗಳು ಮೈಯ ಯಾವ ಯಾವ ಭಾಗದಲ್ಲಿ ಕುಳಿತಿವೆ ಎಂಬುದೇ ವಿನ್ಯಾಸ. ಮೈ ತಿಳಿಬಣ್ಣವಿದ್ದು ತಲೆ, ಹೆಗಲುಗಳ ಮೇಲೆ ಕಪ್ಪು ಹೊದಿಕೆ ಹೊದ್ದಂತೆ ಕಂಡರೆ ಅಲ್ಲಿನವರು ಅದನ್ನು ‘ಬಕ್‌ಸ್ಕಿನ್’ ಎನ್ನುತ್ತಾರೆ. ಮೈಯೆಲ್ಲ ಕಪ್ಪಿದ್ದು ಮುಖದ ಪಟ್ಟೆ, ಹೊಟ್ಟೆಯ ಅಡಿ ಹಾಗೂ ಕಾಲುಗಳು ತಿಳಿಯಾಗಿದ್ದರೆ ‘ಸುಂಡ್ಗಾವ್’. ಈ ಹೆಸರುಗಳನ್ನು ಇಲ್ಲಿನ ದಾಖಲೆಗೆ ತರಬೇಕಾಗಿಲ್ಲ. ಬಣ್ಣವನ್ನೂ ವಿನ್ಯಾಸವನ್ನೂ ಬೇರೆ ಬೇರೆಯಾಗಿ ನೋಡಿ, ಬೇರೆ ಬೇರೆಯಾಗಿ ಬರೆಯುವ ಶಿಸ್ತನ್ನು ಮಾತ್ರ ತಂದರೆ ಸಾಕು.

ಈ ತಿಳಿವಳಿಕೆ ಊರಿನ ಜಗಳಗಳಿಗೂ ಉತ್ತರವಾಗುತ್ತದೆ. ಬಿಳಿ ಹೋತಕ್ಕೂ ಬಿಳಿ ಮೇಕೆಗೂ ಕಪ್ಪು ಮರಿ ಹುಟ್ಟಿದರೆ, ಮರಿ ಬದಲಾಗಿದೆಯೆಂದು ಶಂಕಿಸುವವರುಂಟು. ಮೇಲೆ ಕಾಣುವ ಬಿಳಿಯು ಒಳಗಿರುವ ಬೇರೆ ಬಣ್ಣವನ್ನು ಮರೆಮಾಡಬಲ್ಲದು. ತಂದೆತಾಯಿಗಳೆರಡರಲ್ಲೂ ಅಡಗಿದ್ದ ಬಣ್ಣ ಮರಿಯಲ್ಲಿ ಹೊರಬರಬಹುದು. ಸ್ವಿಟ್ಜರ್ಲೆಂಡಿನ ಬಿಳಿ ಸಾನೆನ್ ತಳಿಯಲ್ಲಿ ಹೀಗೆ ಹುಟ್ಟಿದ ಬಣ್ಣದ ಮರಿಗಳಿಂದಲೇ ಅಮೆರಿಕದಲ್ಲಿ ‘ಸೇಬಲ್’ ಎಂಬ ಪ್ರತ್ಯೇಕ ತಳಿ ರೂಪುಗೊಂಡಿದೆ.

ಇಲ್ಲಿನ ಹಿಂಡುಗಳಲ್ಲಿ

ಭಾರತದಲ್ಲಿಯೂ ಗಿಡ್ಡ ಹಾಲುಮೇಕೆಯಿದೆ. ಉತ್ತರ ಪ್ರದೇಶದ ಮಥುರಾ, ಆಗ್ರಾ ಸೀಮೆಯ ಬಾರ್ಬರಿ ತಳಿಯ ಬಿಳಿ ಮೈಮೇಲೆ ಕಂದು ಚುಕ್ಕೆಗಳಿರುತ್ತವೆ. ಕಿವಿ ಚಿಕ್ಕದು, ನೆಟ್ಟಗಿರುತ್ತದೆ. ಇಂತಹ ಮೇಕೆಯಲ್ಲಿ ಚುಕ್ಕೆಗಳ ಜೋಡಣೆಯೇ ಗುರುತಾಗುತ್ತದೆ. ಆದರೆ ಬೀದರ್ ಭಾಗದ ಬಿದ್ರಿಯಾಗಲಿ, ಗಡಿಯಾಚೆಯ ಉಸ್ಮಾನಾಬಾದಿಯಾಗಲಿ ಹೆಚ್ಚಿನಂಶ ಕಪ್ಪು. ಅಂತಹ ಹಿಂಡಿನಲ್ಲಿ ‘ಕಪ್ಪು ಮೇಕೆ’ ಎಂದು ಬರೆಯುವುದೂ ಏನನ್ನೂ ಬರೆಯದಿರುವುದೂ ಒಂದೇ. ಅಲ್ಲಿ ಕಿವಿ, ಕೋಡು, ಕೊರಳುಗಳನ್ನು ನೋಡಲೇಬೇಕು.

ಬರೆಯುವ ಕ್ರಮ ಹೀಗಿರಲಿ:

1. ಮೈಯ ಮುಖ್ಯ ಬಣ್ಣ: ಕಪ್ಪು, ಕಂದು, ಕೆಂಪು, ಬೂದು, ಹಾಲುಕೆನೆ, ಬಿಳಿ.

2. ವಿನ್ಯಾಸ: ಬೆನ್ನಹುರಿಯ ಗೆರೆ, ಮುಖದ ಪಟ್ಟೆ, ಹೊಟ್ಟೆಯ ಮತ್ತು ಕಾಲುಗಳ ಬಣ್ಣ.

3. ಬಿಳಿ ಮಚ್ಚೆಗಳು: ಎಲ್ಲಿ, ಎಷ್ಟು, ಯಾವ ಅಳತೆ. ಎಡ, ಬಲ ಎಂಬುದು ಮೇಕೆಯ ಎಡ, ಬಲ, ನೋಡುವವರದಲ್ಲ.

4. ಬಣ್ಣವಲ್ಲದ ಗುರುತುಗಳು: ಕೋಡಿನ ಆಕಾರ ಅಥವಾ ಕೋಡಿಲ್ಲದಿರುವುದು, ಕಿವಿಯ ಉದ್ದ, ಕೊರಳ ಕೆಳಗೆ ಮೊಲೆಯಂತೆ ತೂಗುವ ಜೋಲುಗಳು, ಗಡ್ಡ, ಹಳೆಯ ಗಾಯದ ಕಲೆ.

‘ಕಪ್ಪು ಬಿಳಿ ಮೇಕೆ’ ಎಂಬುದರ ಬದಲು ಹೀಗೆ ಬರೆಯಬಹುದು: ‘ಹೆಣ್ಣು, ಸುಮಾರು 2 ವರ್ಷ. ಮೈ ಕಪ್ಪು. ಮುಖದ ಎರಡೂ ಬದಿ ಕಂದು ಪಟ್ಟೆ. ಎಡ ಪಕ್ಕೆಯಲ್ಲಿ ಅಂಗೈಯಗಲದ ಬಿಳಿ ಮಚ್ಚೆ ಒಂದು. ಬಲ ಹಿಂಗಾಲಿನ ಗೊರಸಿನ ಮೇಲೆ ಬಿಳಿ. ಕೊರಳಲ್ಲಿ ಜೋಲು ಎರಡು. ಎಡಗೋಡಿನ ತುದಿ ಮುರಿದಿದೆ.’ ಇದನ್ನು ಬರೆಯಲು ಎರಡು ನಿಮಿಷ ಸಾಕು. ಜೊತೆಗೆ ಹಗಲು ಬೆಳಕಿನಲ್ಲಿ ಮುಖ, ಎಡ ಮೈ, ಬಲ ಮೈ ಹೀಗೆ ಮೂರು ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದಿರಿಸಬೇಕು.

ಬಣ್ಣ ಮೋಸಗೊಳಿಸುವ ಸಂದರ್ಭಗಳು

ಮರಿಯ ಬಣ್ಣವೇ ದೊಡ್ಡ ಮೇಕೆಯ ಬಣ್ಣವಲ್ಲ. ಕೆಲವು ಮರಿಗಳ ಮೈ ಬೆಳೆದಂತೆ ತಿಳಿಯಾಗುತ್ತದೆ. ಕೆಲವದರಲ್ಲಿ ಬಿಳಿ ಕೂದಲು ನಡುನಡುವೆ ಬೆರೆಯುತ್ತದೆ. ಆದುದರಿಂದ ಮರಿಗೆ ಮಾಡಿದ ದಾಖಲೆಯನ್ನು ವರ್ಷ ತುಂಬಿದ ಮೇಲೆ ಮತ್ತೊಮ್ಮೆ ನೋಡಿ, ಹಳೆಯದನ್ನು ಅಳಿಸದೆ ದಿನಾಂಕದೊಡನೆ ಹೊಸ ವಿವರವನ್ನು ಸೇರಿಸಬೇಕು. ಬಿಸಿಲಿಗೆ ಕಪ್ಪು ಕೂದಲು ಕೆಂಚಾಗುವುದುಂಟು. ತಾಮ್ರದ ಅಂಶದ ಕೊರತೆಯಿಂದಲೂ ಹೀಗಾಗಬಹುದು. ಕಪ್ಪು ಮೇಕೆ ಕೆಂಚಾಗುವುದರ ಜೊತೆಗೆ ಸೊರಗುತ್ತಿದ್ದರೆ ಅದು ಪಶುವೈದ್ಯರಿಗೆ ತೋರಿಸಬೇಕಾದ ಲಕ್ಷಣ. ಹೀಗೆ ಒಳ್ಳೆಯ ದಾಖಲೆಯು ಸಾವಿನ ನಂತರ ಪರಿಹಾರಕ್ಕಷ್ಟೇ ಅಲ್ಲ, ಬದುಕಿರುವಾಗ ಚಿಕಿತ್ಸೆಗೂ ನೆರವಾಗುತ್ತದೆ.

ಸದಸ್ಯರ ಹೊಣೆ

ಓಲೆ ಹಾಕುವುದು, ಪ್ರಮಾಣೀಕರಿಸುವುದು ಪಶುಪಾಲನಾ ಇಲಾಖೆಯ ಕೆಲಸ. ಆದರೆ ವಿವರಣೆಯ ಒಂದು ಪ್ರತಿ ಸಾಕಣೆದಾರರ ಕೈಯಲ್ಲಿರುವಂತೆ ನೋಡಿಕೊಳ್ಳುವುದು ಸದಸ್ಯರಿಂದ ಸಾಧ್ಯ. ಗ್ರಾಮಸಭೆಯಲ್ಲಿ ಇದನ್ನು ತಿಳಿಸಬಹುದು. ತಮ್ಮ ವಾರ್ಡಿನ ಪಶುಸಖಿ ಹಾಗೂ ಸ್ವಸಹಾಯ ಸಂಘದ ಮಹಿಳೆಯರಿಗೆ ಮೇಲಿನ ನಾಲ್ಕು ಅಂಶಗಳನ್ನು ಕಲಿಸಬಹುದು. ತಪ್ಪಿಸಿಕೊಂಡ ಮೇಕೆಗೆ ಇಬ್ಬರು ಹಕ್ಕುದಾರರು ಬಂದಾಗಲೂ ಇದೇ ಕಾಗದ ನ್ಯಾಯ ಹೇಳುತ್ತದೆ.

ಸಾಕಿದವರು ಕತ್ತಲಲ್ಲಿಯೂ ತಮ್ಮ ಮೇಕೆಯನ್ನು ಗುರುತಿಸಬಲ್ಲರು. ಅವರಿಗಿರುವ ಆ ತಿಳಿವಳಿಕೆ ಅಕ್ಷರದಲ್ಲಿ ದಾಖಲಾಗಿಲ್ಲವೆಂಬ ಒಂದೇ ಕಾರಣಕ್ಕೆ ಬಡ ಕುಟುಂಬವೊಂದರ ಪರಿಹಾರ ತಪ್ಪಬಾರದು. ಮುಂದಿನ ಬಾರಿ ಓಲೆ ಹಾಕುವ ದಿನ ಪ್ರತಿ ಸದಸ್ಯರೂ ತಮ್ಮ ವಾರ್ಡಿನಲ್ಲಿ ಹಾಜರಿದ್ದು, ‘ಬಣ್ಣ’ ಎಂಬ ಅಂಕಣದಲ್ಲಿ ಒಂದೇ ಪದ ಉಳಿಯದಂತೆ ನೋಡಿಕೊಳ್ಳಬೇಕೆಂದು ಕೋರಲಾಗಿದೆ.