ಕಾಕಾನಿಗೆ ಹೊಸ ಪುಸ್ತಕ ಹುಡುಕುತ್ತ

(ನವಲಗುಂದ ತಾಲೂಕಿನ ಹಳ್ಳಿಯೊಂದರ ಗ್ರಂಥಾಲಯದಲ್ಲಿ ಓದುಗರೆದುರು ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟ ವಿಷಯ 'ವೈಜ್ಞಾನಿಕ ಕಾದಂಬರಿ'. ವಿಷಯ ದೊಡ್ಡದು, ಹೊತ್ತು ಸಣ್ಣದು. ಆದ್ದರಿಂದ ಒಂದೇ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಮಾತಾಡುತ್ತೇನೆ. ಜೂಲ್ಸ್ ವರ್ನ್, ಎಚ್. ಜಿ. ವೆಲ್ಸ್ ಇವರನ್ನು ಓದಿ ಬೆಳೆದ ಹಿರಿಯರೊಬ್ಬರು ಮನೆಯಲ್ಲಿದ್ದರೆ ಅವರ ಕೈಗೆ ಈಚಿನ ಕಾಲದ ಯಾವ ಪುಸ್ತಕ ಕೊಡಬೇಕು?

ಇದು ನನಗೆ ಮನೆಯ ಪ್ರಶ್ನೆಯೇ. ನಮ್ಮ ಕಾಕಾ ಅಣ್ಣಿಗೇರಿ ಕಡೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಶಾಲೆಯಲ್ಲಿ ಬಹುಮಾನವಾಗಿ ಬಂದ ವರ್ನನ ಒಂದು ಪುಸ್ತಕ ಅವರಿಗೆ ಈ ಹುಚ್ಚು ಹಿಡಿಸಿತು. ಕಣ್ಣಿನ ಪೊರೆ ತೆಗೆಸಿದ ಮೇಲೆ ಒಂದು ದಿನ ನನ್ನನ್ನು ಕರೆದು, "ತಮ್ಮಾ, ಇನ್ನ ಭಾಳ ಅಂದ್ರ ಹತ್ತ ಹದಿನೈದ ಪುಸ್ತಕ ಓದೇನು. ಹಳೇವೆಲ್ಲಾ ಮುಗದಾವು. ಹೊಸಾವ್ರಾಗ ಚಲೋವು ಯಾವ್ಯಾವು, ನೋಡಿ ತಂದ ಕೊಡು" ಎಂದರು. ಹತ್ತು ಹದಿನೈದು ಎಂದು ಎಣಿಸಿ ಹೇಳಿದವರಿಗೆ ಒಂದು ತಪ್ಪು ಪುಸ್ತಕ ಕೊಟ್ಟರೆ ನಷ್ಟ ಸಣ್ಣದಲ್ಲ.

ನಾನು ತಪ್ಪನ್ನೇ ಮಾಡಿದೆ. ಬಹುಮಾನಗಳ ಪಟ್ಟಿ ನೋಡಿ ವಿಲಿಯಂ ಗಿಬ್ಸನ್‌ನ 'ನ್ಯೂರೋಮ್ಯಾನ್ಸರ್' ತಂದುಕೊಟ್ಟೆ. 1984ರ ಕಾದಂಬರಿ, ಕಂಪ್ಯೂಟರ್ ಜಾಲದೊಳಗೆ ನುಗ್ಗಿ ಕದಿಯುವವನ ಕಥೆ. ಅಂತರ್ಜಾಲ ಮನೆಮನೆಗೆ ಬರುವ ಮೊದಲೇ ಅದನ್ನು ಕಂಡ ಪುಸ್ತಕವೆಂದು ಹೊಗಳುತ್ತಾರೆ, ಸುಳ್ಳಲ್ಲ. ಎಂಟು ದಿನಕ್ಕೆ ಅದು ವಾಪಸು ಬಂತು. "ಇದ್ರಾಗ ಎಲ್ಲಾರೂ ಓಡಾಕ ಹತ್ಯಾರ, ಯಾಕ ಓಡಾಕ ಹತ್ಯಾರಂತ ಮಾತ್ರ ತಿಳಿಯಂಗಿಲ್ಲ ನೋಡು" ಎಂದರು. ಪುಸ್ತಕದ ತಪ್ಪಲ್ಲ ಅದು. ಕಾಕಾನಿಗೆ ಹಳೆಯ ಪುಸ್ತಕಗಳಲ್ಲಿ ಏನು ಸೇರುತ್ತದೆ ಎಂಬುದನ್ನು ನಾನು ಕೇಳಿಯೇ ಇರಲಿಲ್ಲ.

ಆಮೇಲೆ ಕೇಳಿದೆ. ಅವರು ನೌಕೆಯ ವಿಷಯ ಹೇಳಲಿಲ್ಲ, ತೋಪಿನ ವಿಷಯವನ್ನೂ ಹೇಳಲಿಲ್ಲ. ಹೇಳಿದ್ದು ಒಂದು ಗೋಧಿ ಕಾಳಿನ ವಿಷಯ.

ವರ್ನನ 'ನಿಗೂಢ ದ್ವೀಪ' ಕಾದಂಬರಿಯಲ್ಲಿ (1874–75) ಐದು ಜನ, ಒಂದು ನಾಯಿ ಬಲೂನಿನಲ್ಲಿ ಹಾರಿಹೋಗಿ ನಿರ್ಜನ ದ್ವೀಪಕ್ಕೆ ಬೀಳುತ್ತಾರೆ. ಕೈಯಲ್ಲಿ ಏನೂ ಇಲ್ಲ. ಒಂದು ದಿನ ಹುಡುಗನ ಅಂಗಿಯ ಅಸ್ತರಿನಲ್ಲಿ ಒಂದೇ ಒಂದು ಕಾಳು ಸಿಗುತ್ತದೆ. ನಾವಿಕ ನಗುತ್ತಾನೆ. ಇಂಜಿನಿಯರ್ ಲೆಕ್ಕ ಹಾಕುತ್ತಾನೆ: ಒಂದು ಕಾಳಿಗೆ ಹತ್ತು ತೆನೆ, ತೆನೆಗೆ ಎಂಬತ್ತು ಕಾಳು. ಮೊದಲ ಬೆಳೆಗೆ 800, ಎರಡನೆಯದಕ್ಕೆ 6,40,000, ಮೂರನೆಯದಕ್ಕೆ 51 ಕೋಟಿ 20 ಲಕ್ಷ, ನಾಲ್ಕನೆಯದಕ್ಕೆ 40 ಸಾವಿರ ಕೋಟಿಯ ಮೇಲೆ. ಕಾಕಾ ಈ ಲೆಕ್ಕವನ್ನು ಪ್ರತಿ ವರ್ಷ ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ಘಾತಾಂಕ ಕಲಿಸುವಾಗ ಹೇಳುತ್ತಿದ್ದರಂತೆ. ಎರೆಹೊಲದ ಮಕ್ಕಳು ಕೂಡಲೆ, "ಸರ್, ಮಳಿ ಆಗಬೇಕಲ್ರೀ" ಎನ್ನುತ್ತಿದ್ದರಂತೆ.

ಬರಿಗೈಯಲ್ಲಿ ನಿಂತ ಮನುಷ್ಯ, ತಿಳಿವಳಿಕೆಯೊಂದನ್ನೇ ಬಂಡವಾಳ ಮಾಡಿಕೊಂಡು ಬದುಕುವುದು: ಕಾಕಾನ ರುಚಿ ಇದು ಎಂದಾದ ಮೇಲೆ ದಾರಿ ಸುಲಭವಾಯಿತು. ಆ ಗೋಧಿ ಕಾಳಿನ ನೇರ ವಂಶಜನೊಬ್ಬ ಇದ್ದಾನೆ. ಆ್ಯಂಡಿ ವೀರ್ ಬರೆದ 'ದಿ ಮಾರ್ಷಿಯನ್'. ಮೊದಲು 2011ರಲ್ಲಿ ಲೇಖಕ ತಾನೇ ಹೊರತಂದ ಪುಸ್ತಕ. ಪ್ರಕಾಶಕರ ಕೈಗೆ ಹೋದದ್ದು ಆಮೇಲೆ, 2015ರಲ್ಲಿ ಚಿತ್ರವೂ ಆಯಿತು. ಮಂಗಳ ಗ್ರಹದಲ್ಲಿ ಒಬ್ಬಂಟಿಯಾಗಿ ಉಳಿದವನ ಹತ್ತಿರ ಹನ್ನೆರಡು ಹಸಿ ಬಟಾಟಿ ಇರುತ್ತವೆ. ಕಣ್ಣು ಇರುವಂತೆ ಅವನ್ನು ಕತ್ತರಿಸಿ, ಆ ಗ್ರಹದ ಮಣ್ಣಿಗೆ ತನ್ನ ಮಲವನ್ನೇ ಗೊಬ್ಬರ ಮಾಡಿ, ರಾಕೆಟ್ಟಿನ ಇಂಧನದಿಂದ ನೀರು ತಯಾರಿಸಿ ನೆಡುತ್ತಾನೆ. ದಿನಕ್ಕೆಷ್ಟು ಕ್ಯಾಲೊರಿ, ಎಷ್ಟು ದಿನ ಬರುತ್ತದೆ ಎಂದು ಪುಟಪುಟಕ್ಕೂ ಲೆಕ್ಕ. ಕಾಕಾ ಪೆನ್ಸಿಲ್ ಹಿಡಿದು ಕುಳಿತರು. ಒಂದೇ ತಕರಾರು ಎತ್ತಿದರು: ಮಂಗಳದ ವಾತಾವರಣದ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ, ನೌಕೆಯನ್ನು ಉರುಳಿಸುವ ಬಿರುಗಾಳಿ ಎಲ್ಲಿಂದ ಬಂತು? ಲೇಖಕನೇ ಇದನ್ನು ಒಪ್ಪಿಕೊಂಡಿದ್ದಾನೆ, ಕಥೆ ಶುರುವಾಗಬೇಕಲ್ಲ!

ವರ್ನನನ್ನು ಬಿಡುವ ಮೊದಲು ಇನ್ನೊಂದು ಮಾತು. ಅದೇ ದ್ವೀಪದ ಕಥೆಯ ಕೊನೆಗೆ ಕ್ಯಾಪ್ಟನ್ ನೆಮೋ ತಾನು ಯಾರೆಂದು ಹೇಳಿಕೊಳ್ಳುತ್ತಾನೆ. ಅವನು ಭಾರತೀಯ, ಬುಂದೇಲಖಂಡದ ರಾಜಕುಮಾರ ದಕ್ಕಾರ. ಟಿಪ್ಪೂ ಸಾಹೇಬನ ಸೋದರಳಿಯ! 1857ರ ಬಂಡಾಯದಲ್ಲಿ ಹೋರಾಡಿ, ಮನೆಮಂದಿಯನ್ನು ಕಳೆದುಕೊಂಡು ಸಮುದ್ರದೊಳಗೆ ಇಳಿದವನು. ಫ್ರಾನ್ಸಿನಲ್ಲಿ ಕುಳಿತ ವರ್ನನಿಗೆ ಬುಂದೇಲಖಂಡ, ಶ್ರೀರಂಗಪಟ್ಟಣ ಎರಡೂ ಒಂದೇ ಓಣಿ ಎನಿಸಿರಬೇಕು. ಮೊದಲು ಅವನನ್ನು ರಷಿಯಾದ ವಿರುದ್ಧ ಎದ್ದ ಪೋಲೆಂಡಿನವನನ್ನಾಗಿ ಮಾಡುವ ಯೋಚನೆಯಿತ್ತು, ಪ್ರಕಾಶಕ ಒಪ್ಪಲಿಲ್ಲ. ಇಲ್ಲಿಂದ ಕೂಗಳತೆಯಲ್ಲಿರುವ ನರಗುಂದದ ಬಾಬಾಸಾಹೇಬ 1858ರಲ್ಲಿ ಇಂಗ್ಲಿಷರ ಮೇಲೆ ತಿರುಗಿಬಿದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ ಕಥೆ ನಿಮಗೆ ಗೊತ್ತು. ಅಂಥ ಕಥೆ ಕೇಳುತ್ತ ಬೆಳೆದ ಊರಿನಲ್ಲಿ ನೆಮೋ ಪರದೇಶದವನಾಗಿ ಉಳಿಯುವುದಿಲ್ಲ.

ಹೀಗೆ ಅನ್ಯಾಯದ ಸಿಟ್ಟಿನಿಂದ ವೈಜ್ಞಾನಿಕ ಕಥೆಯೊಳಗೆ ಬಂದ ಓದುಗರಿಗೆ ಬಟಾಟಿ ಸಾಲದು. ಅವರು ವೆಲ್ಸ್‌ನ ಕಡೆಯವರು. 'ಲೋಕಗಳ ಯುದ್ಧ' (1898) ಶುರುವಾಗುವಾಗಲೇ ವೆಲ್ಸ್ ಹೇಳುತ್ತಾನೆ: ಮಂಗಳದವರನ್ನು ಬೈಯುವ ಮೊದಲು, ಬಿಳಿಯರು ಟಾಸ್ಮೇನಿಯಾದ ಜನರನ್ನು ಏನು ಮಾಡಿದರೆಂದು ನೆನೆಯಿರಿ ಎಂದು. ಅವನ ಯಂತ್ರಗಳು ಹಳೆಯವಾದವು, ಆ ಮಾತು ಹಳೆಯದಾಗಿಲ್ಲ. ಇಂಥವರಿಗೆ ನಾನು ಕೊಡುವುದು ಚೀನದ ಲಿಯು ಸಿಶಿನ್ ಬರೆದ 'ಮೂರು ಕಾಯಗಳ ಸಮಸ್ಯೆ'. 2008ರ ಪುಸ್ತಕ, 2014ರಲ್ಲಿ ಇಂಗ್ಲಿಷಿಗೆ ಬಂತು. ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ ತಂದೆಯನ್ನು ಕಳೆದುಕೊಂಡ ವಿಜ್ಞಾನಿ ಹೆಣ್ಣುಮಗಳು ಮನುಷ್ಯಜಾತಿಯ ಮೇಲೇ ಭರವಸೆ ಕಳೆದುಕೊಂಡು ಅಂತರಿಕ್ಷಕ್ಕೆ ಉತ್ತರ ಕಳಿಸುತ್ತಾಳೆ. ನಡುವೆ ಭೌತಶಾಸ್ತ್ರ ಗಟ್ಟಿಯಾಗಿದೆ, ತಾಳ್ಮೆ ಬೇಕು. ಅದಕ್ಕಿಂತ ಹತ್ತಿರದ್ದು ಬೇಕೆಂದರೆ ಅಮಿತಾವ್ ಘೋಷರ 'ದಿ ಕಲ್ಕತ್ತಾ ಕ್ರೋಮೋಸೋಮ್' ಇದೆ. ಮಲೇರಿಯಾದ ಗುಟ್ಟು ಕಂಡುಹಿಡಿದ ಕೀರ್ತಿ ರೊನಾಲ್ಡ್ ರಾಸ್‌ಗೆ ಹೋಯಿತಲ್ಲ, ಅವನ ಪ್ರಯೋಗಶಾಲೆಯ ಆಳುಕಾಳುಗಳಿಗೆ ಅವನಿಗಿಂತ ಹೆಚ್ಚು ಗೊತ್ತಿತ್ತೇ ಎಂದು ಕೇಳುವ ಕಾದಂಬರಿ. 1997ರಲ್ಲಿ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ ಪಡೆಯಿತು.

ಇನ್ನು ನೀರು. ನವಲಗುಂದದಲ್ಲಿ ನಿಂತು ನೀರಿನ ಮಾತು ಬಿಟ್ಟರೆ ನೀವು ನನ್ನನ್ನು ಕ್ಷಮಿಸುವುದಿಲ್ಲ. ಫ್ರ್ಯಾಂಕ್ ಹರ್ಬರ್ಟನ 'ಡ್ಯೂನ್' (1965) ಈಗ ಅದೂ ಹಳೆಯದೇ, ಆದರೆ ವರ್ನ್–ವೆಲ್ಸ್ ಓದಿದವರಿಗೆ ಹೊಸದಕ್ಕೆ ದಾಟುವ ಸೇತುವೆ. ಮಳೆಯೇ ಇಲ್ಲದ ಗ್ರಹ. ಬೆವರೂ ಪೋಲಾಗದಂತೆ ಹಿಡಿದಿಡುವ ಉಡುಪು ತೊಟ್ಟು ಜನ ತಿರುಗುತ್ತಾರೆ. ಯಾರಾದರೂ ಸತ್ತರೆ ಅವರ ಮೈಯ ನೀರು ಕುಲಕ್ಕೆ ಸೇರಿದ್ದು. ನೀರಿನ ಕರದ ಸಿಟ್ಟು 1980ರ ಜುಲೈ 21ರ ಗೋಲಿಬಾರಿಗೆ ಮುಟ್ಟಿದ್ದನ್ನು ಕಂಡವರು ಈ ಸಭೆಯಲ್ಲೇ ಇದ್ದೀರಿ. ಮಹಾದಾಯಿಗಾಗಿ ರಸ್ತೆಗಿಳಿದವರೂ ಇದ್ದೀರಿ. ನಿಮಗೆ ಆ ಗ್ರಹವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಾಕಾ ಅದರ ಮೊದಲ ಭಾಗ ಮುಗಿಸಿ, "ಸಾಕು, ಮುಂದಿನ್ವು ತರಬ್ಯಾಡ" ಎಂದರು. ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ. ಸರಣಿ ಕಾದಂಬರಿಗಳನ್ನು ವಯಸ್ಸಾದವರ ಮೇಲೆ ಹೇರಬಾರದು. ಟೆಡ್ ಚಿಯಾಂಗ್‌ನಂಥವರ ಸಣ್ಣ ಕಥೆಗಳು ಮೇಲು. ಒಂದೊಂದು ಕಥೆಯನ್ನು ಒಂದೆರಡು ಮಧ್ಯಾಹ್ನದಲ್ಲಿ ಮುಗಿಸಬಹುದು. ಅಂದಹಾಗೆ ಕಿಮ್ ಸ್ಟ್ಯಾನ್ಲಿ ರಾಬಿನ್‌ಸನ್‌ನ 'ದಿ ಮಿನಿಸ್ಟ್ರಿ ಫಾರ್ ದಿ ಫ್ಯೂಚರ್' (2020) ಉತ್ತರ ಪ್ರದೇಶದ ಒಂದು ಊರಿನಲ್ಲಿ ಬಿಸಿಗಾಳಿಗೆ ಜನ ಸಾಯುವುದರಿಂದ ಶುರುವಾಗುತ್ತದೆ. ಅದನ್ನು ಕಾಕಾನಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಬೇಸಿಗೆಯಲ್ಲಿ ಅವರ ಮನೆಯಲ್ಲಿ ದಿನಕ್ಕೆ ಎಷ್ಟು ತಾಸು ಕರೆಂಟು ಹೋಗುತ್ತದೆಂದು ಬಲ್ಲೆ.

ಇಷ್ಟೊತ್ತು ಇಂಗ್ಲಿಷ್ ಪುಸ್ತಕಗಳನ್ನೇ ಹೇಳಿದೆನೆಂದು ಹಿಂದಿನ ಸಾಲಿನ ಅಕ್ಕಾರು ಮುಖ ಗಂಟಿಕ್ಕಿದ್ದು ಕಂಡಿದೆ. ಕನ್ನಡದಲ್ಲಿ ಕಪಾಟು ಸಣ್ಣದು, ಖಾಲಿಯಲ್ಲ. ರಾಜಶೇಖರ ಭೂಸನೂರಮಠರು ಇದನ್ನೇ ಕಾಯಕ ಮಾಡಿಕೊಂಡವರು. ಅವರ 'ಮನ್ವಂತರ' ಹುಡುಕಿ ಓದಿರಿ. ಕಾನನ್ ಡಾಯ್ಲ್‌ನ 'ಕಳೆದುಹೋದ ಲೋಕ' (1912) ಇಷ್ಟಪಟ್ಟವರಿಗೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'ಗಿಂತ (1980) ಒಳ್ಳೆಯ ಪುಸ್ತಕ ಇಂಗ್ಲಿಷಿನಲ್ಲೂ ಸಿಗಲಿಕ್ಕಿಲ್ಲ. ಅಲ್ಲೂ ಒಬ್ಬ ಪ್ರೊಫೆಸರ್, ಅಲ್ಲೂ ಕಾಲದ ಆಚೆಯಿಂದ ಬಂದಂಥ ಒಂದು ಪ್ರಾಣಿಯ ಬೆನ್ನು ಹತ್ತುವುದು. ಆದರೆ ಹಾರುವ ಓತಿಯನ್ನು ಕಂಡದ್ದು ಊರಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಮಂದಣ್ಣ. ಡಾಯ್ಲ್‌ನಿಗೆ ಇದು ಹೊಳೆಯಲಿಲ್ಲ. ಇದನ್ನು ವೈಜ್ಞಾನಿಕ ಕಾದಂಬರಿ ಎನ್ನಬಹುದೇ ಎಂಬ ವಾದವಿದೆ. ಓದುವವರಿಗೆ ಅದರ ಗೊಡವೆ ಬೇಡ.

ಮುಂಬಯಿ ಪ್ರಾಂತದ ಕಾಲದಲ್ಲಿ ಮರಾಠಿ ಕಲಿತ ಹಿರಿಯರು ಇಲ್ಲಿ ಇನ್ನೂ ಇದ್ದೀರಿ. ನಿಮಗೆ ಕೊಲ್ಹಾಪುರದಲ್ಲಿ ಹುಟ್ಟಿದ ಜಯಂತ ನಾರಳೀಕರರ ಕಥೆಗಳಿವೆ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಅವರು ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿ ಬೇರೆ ಹೆಸರಿನಲ್ಲಿ 'ಕೃಷ್ಣವಿವರ' ಕಳಿಸಿದರು. ಅದಕ್ಕೇ ಮೊದಲ ಬಹುಮಾನ ಬಂತು. ಹೆಸರಾಂತ ಖಗೋಳ ವಿಜ್ಞಾನಿ ಹೆಸರಿನ ಬಲವಿಲ್ಲದೆ ಗೆಲ್ಲಬೇಕೆಂದು ಹೊರಟದ್ದು ನನಗೆ ಬಹಳ ಹಿಡಿಸಿದ ಸಂಗತಿ. 2025ರಲ್ಲಿ ಅವರು ತೀರಿಕೊಂಡರು.

ಅದೇ ವರ್ಷ ತೀರಿಕೊಂಡ ಎಸ್. ಎಲ್. ಭೈರಪ್ಪನವರು ತಮ್ಮ ಎಂಬತ್ತರ ಹೊಸ್ತಿಲು ದಾಟಿದ ಮೇಲೆ 'ಯಾನ' (2014) ಬರೆದರು. ವೃತ್ತಿಯ ಮೊದಲ ದಿನಗಳಲ್ಲಿ ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ಪಾಠ ಹೇಳಿದ ಅವರು, ಮರಳಿ ಬಾರದ ಅಂತರಿಕ್ಷ ಪ್ರಯಾಣಕ್ಕೆ ಹೊರಟ ಗಂಡು ಹೆಣ್ಣು, ನೌಕೆಯಲ್ಲೇ ಹುಟ್ಟಿ ಬೆಳೆದ ಮಕ್ಕಳು, ಇವರನ್ನು ಇಟ್ಟುಕೊಂಡು ಧರ್ಮ, ಸಂಬಂಧಗಳ ಹಳೆಯ ಪ್ರಶ್ನೆಯನ್ನೇ ಕೇಳಿದರು. ಯಂತ್ರಗಳ ವಿವರ ಬಯಸುವವರಿಗೆ ಇದು ಅಷ್ಟಾಗಿ ರುಚಿಸಲಿಕ್ಕಿಲ್ಲ.

ಕಾಕಾನಿಗೆ ಕಳೆದ ತಿಂಗಳು ಅದನ್ನೇ ಕೊಟ್ಟೆ, ಸ್ವಲ್ಪ ಅಳುಕಿನಿಂದಲೇ. ಮೊನ್ನೆ ಹೋದಾಗ ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲಿನ ಅಂಕಿಗಳಿದ್ದವು. ನಮಗೆ ತೀರ ಹತ್ತಿರದ ನಕ್ಷತ್ರ 4.2 ಜ್ಯೋತಿರ್ವರ್ಷ ದೂರ; ವಾಯೇಜರ್ ನೌಕೆಯ ಹಾಗೆ ಸೆಕೆಂಡಿಗೆ 17 ಕಿಲೋಮೀಟರ್ ಹೋದರೆ ಮುಟ್ಟಲು ಸುಮಾರು 75 ಸಾವಿರ ವರ್ಷ. ಅದರ ಕೆಳಗೆ ಗೆರೆ ಎಳೆದಿದ್ದರು. "ಮುಗೀತೇನ್ರೀ ಕಾಕಾ?" ಎಂದೆ. "ಇಲ್ಲೋ, ಇನ್ನ ಅರ್ಧ ಐತಿ. ನೀ ಏನ ಗಡಿಬಿಡಿ ಮಾಡಬ್ಯಾಡ" ಎಂದು ಕನ್ನಡಕ ಏರಿಸಿ ಮತ್ತೆ ಓದಲು ಕುಳಿತರು.