‘ಎಂತ ಹೇಳ್ದ ಅವ್ನು?’: ಅಜ್ಜಿಗೆ ಡೋರೇಮಾನ್ ಡಬ್ ಮಾಡಿದ ಕಥೆ

ಬಸ್ಸಲ್ಲಿ ಕೂತಿದ್ದೀರೋ, ಮೆಟ್ರೋದಲ್ಲಿ ನಿಂತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಇವತ್ತು ಟಿವಿ ವಿಷಯ ಮಾತಾಡೋಣ. ಗೋಡೆಗೆ ಅಂಟಿಕೊಂಡಿರೋ ಟಿವಿ ಅಲ್ಲ, ಹಿಂದೆ ಡುಬ್ಬ ಇದ್ದ ಟಿವಿ.

ಹೋದ ವಾರ ನಮ್ಮ ಬಿಕಾಂ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಒಬ್ಬ ರೀಲ್ ಹಾಕ್ದ. ಹಳೇ ಕಾರ್ಟೂನ್‌ಗಳ ಟೈಟಲ್ ಹಾಡುಗಳು, ಒಂದರ ಹಿಂದೆ ಒಂದು. ಆ ಗ್ರೂಪಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ರಿಟರ್ನ್ ಕೊನೇ ದಿನ ಯಾವತ್ತು ಅನ್ನೋದು ಬಿಟ್ರೆ ಬೇರೆ ಮಾತಿರಲ್ಲ. ಅವತ್ತು ರಾತ್ರಿ ಒಂದು ಗಂಟೆವರೆಗೂ ಎಲ್ಲರೂ ಡೈಲಾಗ್ ಟೈಪ್ ಮಾಡಿದ್ದೇ ಮಾಡಿದ್ದು. ಓದ್ತಾ ಓದ್ತಾ ನಂಗೆ ಒಂದು ವಿಷಯ ಹೊಳೀತು. ಶಿವಮೊಗ್ಗ, ಹಾಸನ, ದಾವಣಗೆರೆಯಲ್ಲಿ ಬೆಳೆದ ಅಷ್ಟೂ ಜನ ನೆನಪು ಮಾಡ್ಕೊಳ್ತಿರೋ ಸಾಲುಗಳಲ್ಲಿ ಒಂದೂ ಕನ್ನಡದ್ದಲ್ಲ. ಎಲ್ಲಾ ಹಿಂದಿ.

ನಂದೂ ಅದೇ ಕಥೆ. ಹೈಸ್ಕೂಲಲ್ಲಿ ತೃತೀಯ ಭಾಷೆ ಹಿಂದಿಯಲ್ಲಿ ನಾನೇ ಕ್ಲಾಸಿಗೆ ಫಸ್ಟ್. ಹಿಂದಿ ಮೇಷ್ಟ್ರು ಬಹಳ ಹೆಮ್ಮೆ ಪಟ್ಕೊಳ್ತಿದ್ರು. ಪಾಠ ಮಾಡಿದ್ದು ಡೋರೇಮಾನ್ ಅಂತ ಅವರಿಗೆ ಹೇಳೋಕೆ ಧೈರ್ಯ ಬರಲಿಲ್ಲ.

ನಮ್ಮನೆ ಶಿವಮೊಗ್ಗದಲ್ಲಿ. ಅಮ್ಮನ ಅಮ್ಮ ನಮ್ಮ ಜೊತೆಗೇ ಇದ್ರು. ಅಮ್ಮ, ಅಪ್ಪ ಇಬ್ಬರೂ ಕೆಲಸಕ್ಕೆ ಹೋಗ್ತಿದ್ರಿಂದ ಸ್ಕೂಲ್ ಬಿಟ್ಟು ಬಂದ್ರೆ ಮನೇಲಿ ನಾನು, ಅಜ್ಜಿ, ಟಿವಿ. ನಮ್ಮಿಬ್ಬರಿಗೂ ಒಂದು ಒಪ್ಪಂದ ಇತ್ತು. ದೀಪ ಹಚ್ಚೋವರೆಗೆ ರಿಮೋಟ್ ನಂದು, ಆಮೇಲೆ ಅಜ್ಜಿದು. ಅಜ್ಜಿ ಪಾಲಿಗೆ ಈಟಿವಿ ಕನ್ನಡ: ‘ಸಿಲ್ಲಿ ಲಲ್ಲಿ’, ‘ಪಾಪ ಪಾಂಡು’. ನನ್ನ ಪಾಲಿಗೆ ಪೋಗೋ ಮತ್ತು ಹಂಗಾಮಾ.

ನನ್ನ ಟೈಮಲ್ಲಿ ಅಜ್ಜಿ ಎದ್ದು ಹೋಗ್ತಿರಲಿಲ್ಲ. ಮೊರ ಇಟ್ಕೊಂಡು ಅಕ್ಕಿ ಆರಿಸ್ತಾ ಅಲ್ಲೇ ಕೂತಿರೋರು. ಟಾಮ್ ಅಂಡ್ ಜೆರ್ರಿ, ಮಿಸ್ಟರ್ ಬೀನ್ ಬಂದ್ರೆ ತೊಂದ್ರೆ ಇಲ್ಲ, ಅಲ್ಲಿ ಮಾತೇ ಇಲ್ಲ. ಇಬ್ಬರೂ ಒಟ್ಟಿಗೇ ನಗ್ತಿದ್ವಿ. ಡೋರೇಮಾನ್ ಶುರುವಾದ್ರೆ ಮಾತ್ರ ಎರಡು ನಿಮಿಷಕ್ಕೊಂದು ಸಲ ಅದೇ ಪ್ರಶ್ನೆ: “ಎಂತ ಹೇಳ್ದ ಮಾರಾಯ ಅವ್ನು?”

ಹಾಗೆ ನಾನು ಡಬ್ಬಿಂಗ್ ಆರ್ಟಿಸ್ಟ್ ಆದೆ. ಒಂಬತ್ತನೇ ವಯಸ್ಸಿಗೆ, ಸಂಬಳ ಇಲ್ಲದೆ.

ನಂಗೇ ಅರ್ಧ ಹಿಂದಿ ಅರ್ಥ ಆಗ್ತಿರಲಿಲ್ಲ. ಗೊತ್ತಿಲ್ಲದ ಕಡೆ ಬಾಯಿಗೆ ಬಂದದ್ದು ಸೇರಿಸ್ತಿದ್ದೆ. ಕೆಲವು ಸಲ ಬೇಕು ಬೇಕಂತಲೇ ತಿರುಚ್ತಿದ್ದೆ. ನೋಬಿತಾಗೆ ಪರೀಕ್ಷೇಲಿ ಸೊನ್ನೆ ಬರೋದು ನಿಮಗೆಲ್ಲ ಗೊತ್ತು. ಅಜ್ಜಿಗೆ ನಾನು ಹೇಳಿದ್ದೇನು ಅಂದ್ರೆ, ಅವನು ಸರಿಯಾಗೇ ಬರೆದಿದ್ದಾನೆ, ಮೇಷ್ಟ್ರಿಗೆ ಅವನ ಮೇಲೆ ಹೊಟ್ಟೆಕಿಚ್ಚು ಅಂತ. ಆ ತಿಂಗಳು ನನ್ನ ಗಣಿತದ ಟೆಸ್ಟ್ ಪೇಪರ್ ಮನೆಗೆ ಬರೋದಿತ್ತು, ಅಷ್ಟೇ. (ನಗು) ಅಜ್ಜಿಗೆ ನೋಬಿತಾ ಮೇಲೆ ವಿಪರೀತ ಕನಿಕರ. ಜಿಯಾನ್ ಬಂದ್ರೆ “ಬಂದ ನೋಡು ದಡಿಯ” ಅಂತ ಅಕ್ಕಿ ಆರಿಸೋದು ನಿಲ್ಲಿಸಿ ಬಯ್ಯೋರು.

ಒಂದು ದಿನ ಕೇಳಿದ್ರು, “ಆ ನೀಲಿ ಬೆಕ್ಕಿಗೆ ಕಿವಿ ಯಾಕಿಲ್ಲ?” ನಾನು ಹೇಳ್ದೆ, “ಇಲಿ ತಿಂದ್ಬಿಡ್ತು ಅಜ್ಜಿ. ಅದಕ್ಕೇ ಅವನಿಗೆ ಇಲಿ ಕಂಡ್ರೆ ಭಯ.” ಅಜ್ಜಿ ಕನ್ನಡಕದ ಮೇಲಿಂದ ನನ್ನನ್ನೇ ನೋಡಿದ್ರು. “ಬೆಕ್ಕಿನ ಕಿವೀನ ಇಲಿ ತಿಂತದಾ? ಸುಳ್ಳು ಹೇಳೋದಕ್ಕೂ ಒಂದು ಮಿತಿ ಬೇಕು.” ನಾನು ಹೇಳಿದ ಅಷ್ಟೂ ಕಥೆಯಲ್ಲಿ ಅದೊಂದು ನಿಜ. ಅದನ್ನೊಂದು ಬಿಟ್ಟು ಉಳಿದಿದ್ದೆಲ್ಲ ನಂಬಿದ್ರು.

ತಕೇಶೀಸ್ ಕ್ಯಾಸಲ್ ಅಂತೂ ಬಿಡಿ. ಜಪಾನಿನ ಜನ ಕೆಸರಿಗೆ ಬೀಳೋದು, ಹಿಂದಿಯಲ್ಲಿ ಜಾವೇದ್ ಜಾಫ್ರಿ ಕಾಮೆಂಟರಿ, ಅದರ ಮೇಲೆ ಕನ್ನಡದಲ್ಲಿ ನನ್ನ ಕಾಮೆಂಟರಿ. ಬೀಳೋರಿಗೆಲ್ಲ ನಮ್ಮ ಬೀದಿಯವರ ಹೆಸರು ಇಡ್ತಿದ್ದೆ. ತುಂಬಾ ವರ್ಷ ಆದ್ಮೇಲೆ ಗೊತ್ತಾಗಿದ್ದು, ಜಾವೇದ್ ಜಾಫ್ರಿ ಹೇಳ್ತಿದ್ದದ್ದೂ ಜಪಾನಿ ಮಾತಿನ ಅನುವಾದ ಅಲ್ಲ, ತಮಾಷೆಗೆ ಕಟ್ಟಿದ್ದು ಅಂತ. ಶೋ ಜಪಾನಿನಲ್ಲಿ ಬಂದಿದ್ದು 1986ರಿಂದ 1990ರವರೆಗೆ. ಅಂದ್ರೆ ಶಿವಮೊಗ್ಗದಲ್ಲಿ ಕೂತು ಅಜ್ಜಿ ನೋಡ್ತಿದ್ದ ಶೋಗೂ ಆ ಜಪಾನಿಯರು ಆಡಿದ ಮಾತಿಗೂ ಎರಡು ಸುಳ್ಳಿನ ದೂರ.

ಸರಿ, ಆಗ ಕನ್ನಡದಲ್ಲಿ ಯಾಕಿರಲಿಲ್ಲ? ಕಾರ್ಟೂನ್ ನೆಟ್‌ವರ್ಕ್ ತಮಿಳಲ್ಲೂ ಬರ್ತಿತ್ತು, ತೆಲುಗಲ್ಲೂ ಬರ್ತಿತ್ತು. ನಮ್ಮನೆಗೆ ಡಿಶ್ ಹಾಕ್ಸಿದ ದಿನ ನಾನು ರಿಮೋಟಿನ ಭಾಷೆ ಬಟನ್ ಒತ್ತಿ ಒತ್ತಿ ನೋಡಿದ್ದೆ. ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಮತ್ತೆ ಇಂಗ್ಲಿಷ್. ಕನ್ನಡ ಬರಲೇ ಇಲ್ಲ.

ಇದಕ್ಕೆ ಹಳೇ ಹಿನ್ನೆಲೆ ಇದೆ. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ, ರಾಜ್‌ಕುಮಾರ್ ಅಂಥವರು ಡಬ್ಬಿಂಗ್ ವಿರೋಧಿಸಿದ್ರು. ಆಗ ಕನ್ನಡ ಸಿನಿಮಾ ಇನ್ನೂ ಎಳೇ ಗಿಡ, ಡಬ್ಬಿಂಗ್ ಬಂದ್ರೆ ಉಳಿಯಲ್ಲ ಅನ್ನೋ ಭಯ ಸುಳ್ಳಲ್ಲ. ಆದ್ರೆ ಗಿಡ ಮರ ಆದ್ಮೇಲೂ ಬೇಲಿ ಹಾಗೇ ಉಳೀತು. 2012ರಲ್ಲಿ ಆಮಿರ್ ಖಾನ್ ‘ಸತ್ಯಮೇವ ಜಯತೆ’ ತಮಿಳು, ತೆಲುಗು, ಮಲಯಾಳಂನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಆಮೇಲೆ ಕನ್ನಡ ಗ್ರಾಹಕರ ಕೂಟದವರು ಭಾರತೀಯ ಸ್ಪರ್ಧಾ ಆಯೋಗಕ್ಕೆ ಹೋದ್ರು. 2015ರಲ್ಲಿ ಆಯೋಗ, ಡಬ್ಬಿಂಗ್ ತಡೆಯೋದು ಸ್ಪರ್ಧೆಗೆ ವಿರುದ್ಧ ಅಂತ ಆದೇಶ ಕೊಡ್ತು. ಬಿಕಾಂ ಓದಿದವನಾಗಿ ನಂಗೆ ಇಷ್ಟು ಹೇಳಬೇಕನ್ಸುತ್ತೆ: ಕಾರ್ಟೂನ್ ವಿಷಯದಲ್ಲಿ ನಾವು ಯಾರ ಮಾರುಕಟ್ಟೆ ಕಾಪಾಡ್ತಿದ್ವಿ? ಕನ್ನಡದಲ್ಲಿ ಕಾರ್ಟೂನ್ ಮಾಡೋರು ಸಾಲಲ್ಲಿ ನಿಂತಿರಲಿಲ್ಲ. ನಮ್ಮ ತಲೆಮಾರಿನ ಮಕ್ಕಳು ಸೀದಾ ಹಿಂದಿಗೆ ಹೋದ್ವಿ, ಅಷ್ಟೇ.

ಇದರ ನಡುವೆ 2009ರಲ್ಲಿ ಸನ್ ನೆಟ್‌ವರ್ಕಿನ ಚಿಂಟು ಟಿವಿ ಬಂತು. ಪೂರ್ತಿ ಕನ್ನಡದ ಮಕ್ಕಳ ಚಾನೆಲ್. ನಂಗಾಗ ಹನ್ನೆರಡು ವರ್ಷ. ಡೋರಾ ಕನ್ನಡದಲ್ಲಿ ಮಾತಾಡ್ತಿದ್ಲು! ಡೋರಾ ಗೊತ್ತಲ್ಲ, ಪ್ರಶ್ನೆ ಕೇಳಿ, ಉತ್ತರಕ್ಕೆ ಕಣ್ಣು ಪಿಳಿಪಿಳಿ ಬಿಟ್ಟು ಕಾಯ್ತಾಳೆ. ನಮ್ಮ ವಯಸ್ಸಿನ ಹುಡುಗ್ರಿಗೆ ಅದು ಎಳೇ ಮಕ್ಕಳ ಶೋ. ಅಜ್ಜಿ ಮಾತ್ರ ಉತ್ತರ ಕೊಡ್ತಿದ್ರು. “ಅಲ್ಲೇ ಇದೆ ನೋಡೇ, ಮರದ ಹಿಂದೆ” ಅಂತ. ಒಂದು ಸಂಜೆ ನಾನು ಅಭ್ಯಾಸದಂತೆ ಪಕ್ಕದಲ್ಲಿ ಕೂತು ಏನೋ ಹೇಳೋಕೆ ಹೋದೆ. ಅಜ್ಜಿ ಕೈ ಎತ್ತಿ, “ತಡಿ, ಕೇಳ್ಸಲ್ಲ. ನೀನು ಹೋಗಿ ಓದ್ಕೋ” ಅಂದ್ರು.

ನಾನು ಎದ್ದು ರೂಮಿಗೆ ಹೋದೆ. ಪುಸ್ತಕ ತೆಗೀಲಿಲ್ಲ. ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಗೊತ್ತಿರಲಿಲ್ಲ. ಡೋರಾ ಮೇಲೆ ಅಂತ ಈಗ ಒಪ್ಕೋತೀನಿ.

ಅಜ್ಜಿ 2016ರಲ್ಲಿ ಹೋದ್ರು. 2020ರ ಲಾಕ್‌ಡೌನಲ್ಲಿ ಜೀ ಕನ್ನಡದಲ್ಲಿ ‘ಮಾಲ್ಗುಡಿ ಡೇಸ್’ ಕನ್ನಡಕ್ಕೆ ಡಬ್ ಆಗಿ ಬಂತು. ಯೋಚನೆ ಮಾಡಿ: ಶಂಕರ್ ನಾಗ್ ಆಗುಂಬೆಯಲ್ಲಿ ಶೂಟ್ ಮಾಡಿದ್ದು, ಅನಂತ್ ನಾಗ್, ಗಿರೀಶ್ ಕಾರ್ನಾಡ್, ಮಾಸ್ಟರ್ ಮಂಜುನಾಥ್ ಇರೋದು. 1986ರಲ್ಲಿ ದೂರದರ್ಶನಕ್ಕೆ ಹಿಂದಿಯಲ್ಲಿ ಬಂದ ಆ ಮಾಲ್ಗುಡಿ ಕನ್ನಡ ಮಾತಾಡೋಕೆ ಮೂವತ್ತು ವರ್ಷಕ್ಕೂ ಮೇಲೆ ಬೇಕಾಯ್ತು.

ಅಮ್ಮ, ನಾನು ಕೂತು ನೋಡ್ತಿದ್ವಿ. ಅಮ್ಮ ಇದ್ದಕ್ಕಿದ್ದಂತೆ ಹೇಳಿದ್ರು, “ಅಜ್ಜಿ ಇದನ್ನ ಆಗ್ಲೇ ನೋಡಿದ್ರು ಕಣೋ. ಪಕ್ಕದ ಮನೇಲಿ, ಬ್ಲ್ಯಾಕ್ ಅಂಡ್ ವೈಟ್ ಟಿವೀಲಿ.” ಅಜ್ಜಿ ತವರು ತೀರ್ಥಹಳ್ಳಿ ಕಡೆ, ಆಗುಂಬೆ ಅದೇ ತಾಲ್ಲೂಕು. “ಒಂದು ಅಕ್ಷರ ಅರ್ಥ ಆಗ್ತಿರಲಿಲ್ಲ. ನಂಗೂ ಹಿಂದಿ ಬರ್ತಿರಲಿಲ್ಲ, ಕೇಳಿದ್ರೆ ರೇಗ್ತಿದ್ದೆ. ಆಮೇಲೆ ಕೇಳೋದೇ ಬಿಟ್ರು. ಮಳೆ, ಹಂಚಿನ ಮನೆ ನೋಡ್ಕೊಂಡು ಎದ್ದು ಬರೋರು.” ಇಷ್ಟು ಹೇಳಿ ಅಮ್ಮ ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿದ್ರು. ನಾವಿಬ್ಬರೂ ಆ ಎಪಿಸೋಡ್ ಮುಗಿಯೋವರೆಗೆ ಮಾತಾಡಲಿಲ್ಲ.

ಮೊನ್ನೆ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗನಿಗೆ ಆರು ವರ್ಷ. ಸೋಫಾ ಮೂಲೇಲಿ ಫೋನು, ಕಿವೀಲಿ ಇಯರ್‌ಫೋನ್. ಒಬ್ಬನೇ ನಗ್ತಿದ್ದ. ಅವನ ಲೋಕದಲ್ಲಿ ಭಾಷೆ ಬೇಕಾದ್ದು ಸಿಗುತ್ತೆ, ಪಕ್ಕದಲ್ಲಿ ಕೂತವರಿಗೆ ಏನೂ ಕೇಳ್ಸಲ್ಲ. ಹತ್ತಿರ ಹೋಗಿ ಕೂತು ಕೇಳ್ದೆ, “ಎಂತ ಹೇಳ್ದ ಮಾರಾಯ ಅವ್ನು?”

ಅವನು ಒಂದು ಕಿವಿಯಿಂದ ಇಯರ್‌ಫೋನ್ ತೆಗೆದ. ನನ್ನ ಮುಖ ನೋಡಿದ. “ಅದು ಹಾಗೆಲ್ಲ ಹೇಳಿದ್ರೆ ಅರ್ಥ ಆಗಲ್ಲ ಮಾಮ, ಮೊದಲಿಂದ ಹೇಳ್ಬೇಕು” ಅಂದ. ಮೊದಲಿಂದ ಶುರು ಮಾಡ್ದ. ಅರ್ಧ ಗಂಟೆ ಹೇಳ್ದ. ಎಷ್ಟು ನಿಜವೋ ಗೊತ್ತಿಲ್ಲ, ಅದರಲ್ಲಿ ಒಬ್ಬ ಕೆಟ್ಟ ಮೇಷ್ಟ್ರು ಇದ್ದ.